ಬೈಜಾಂಟೈನ್ ಅರಮನೆಯ ಮದುವೆಯೊಂದನ್ನು ಓದುವ ಬಗೆ: ಐರೀನ್ ಡೂಕೈನಾಳ ನಿದರ್ಶನ

ಹನ್ನೊಂದನೆಯ ಶತಮಾನದ ಬೈಜಾಂಟೈನ್ ಸಾಮ್ರಾಜ್ಯದ ಮದುವೆಯೊಂದನ್ನು ಅರ್ಥಮಾಡಿಕೊಳ್ಳಲು ಹೊರಟವರು ವಧೂವರರನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಮೊದಲು ಎರಡೂ ಮನೆತನಗಳ ವಂಶವೃಕ್ಷವನ್ನು ತಾಯಂದಿರ ಕಡೆಯನ್ನೂ ಸೇರಿಸಿ ಬರೆದುಕೊಳ್ಳಬೇಕು. ವಧುವಿನ ಕುಲನಾಮವನ್ನು ಗಂಡನ ಕುಲನಾಮದಿಂದ ಅಳಿಸಬಾರದು. ಡೂಕೈನಾ ಎಂಬುದು ಡೂಕಾಸ್ ಎಂಬುದರ ಸ್ತ್ರೀರೂಪ. ಮುಂದೆ ಚಕ್ರವರ್ತಿಯಾದ ಕೊಮ್ನೆನೋಸ್ ಮನೆತನದ ಅಲೆಕ್ಸಿಯೋಸನನ್ನು ವರಿಸಿದ ಮೇಲೂ ಐರೀನ್ ಡೂಕೈನಾಳಾಗಿಯೇ ಉಳಿದಳು.

ಮುಂದಿನ ಕೆಲಸ ಹಳೆಯ ಹಗೆಗಳನ್ನು ಆ ವೃಕ್ಷದ ಮೇಲೆ ಗುರುತಿಸುವುದು. 1059ರಲ್ಲಿ ಇಸಾಕ್ ಕೊಮ್ನೆನೋಸ್ ಪಟ್ಟ ಬಿಟ್ಟಾಗ ಸಿಂಹಾಸನ ಅವನ ತಮ್ಮ ಜಾನನಿಗೆ ಬರದೆ ಕಾನ್‌ಸ್ಟಂಟೈನ್ ಡೂಕಾಸನ ಪಾಲಾಯಿತು. ಜಾನನ ಹೆಂಡತಿ ಅನ್ನಾ ದಲಸ್ಸೇನೆ ಅದನ್ನು ಮರೆಯಲಿಲ್ಲ. ಅಲೆಕ್ಸಿಯೋಸ್ ಅವಳ ಮಗ. 1071ರಲ್ಲಿ ಸೆಲ್ಜುಕ್ ತುರ್ಕರ ವಿರುದ್ಧದ ಮಂಝಿಕರ್ಟ್ ಯುದ್ಧದಲ್ಲಿ ಹಿಂಬದಿಯ ಪಡೆಯನ್ನು ಹಿಂದಕ್ಕೆ ಸರಿಸಿ ಚಕ್ರವರ್ತಿ ನಾಲ್ಕನೆಯ ರೊಮಾನೋಸನನ್ನು ಒಂಟಿಯಾಗಿ ಬಿಟ್ಟ ಅಂಡ್ರೋನಿಕೋಸ್ ಡೂಕಾಸ್ ಐರೀನಳ ತಂದೆ. ಇಷ್ಟು ತಿಳಿದರೆ, 1078ರ ಸುಮಾರಿಗೆ ನಡೆದ ಈ ಸಂಬಂಧಕ್ಕೆ ಅತ್ತೆಯಾಗಲಿದ್ದವಳು ಏಕೆ ಒಲ್ಲೆನೆಂದಳೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮದುವೆಯ ದಿನಕ್ಕಿಂತ ಪಟ್ಟಾಭಿಷೇಕದ ದಿನಕ್ಕೆ ಹೆಚ್ಚು ಗಮನ ಕೊಡಬೇಕೆಂಬುದು ನನ್ನ ಅನಿಸಿಕೆ. ಅಲೆಕ್ಸಿಯೋಸ್ 1081ರ ಏಪ್ರಿಲ್ 1ರಂದು ಕಾನ್‌ಸ್ಟಂಟಿನೋಪಲನ್ನು ವಶಪಡಿಸಿಕೊಂಡು, ಏಪ್ರಿಲ್ 4ರ ಈಸ್ಟರ್ ದಿನ ಒಬ್ಬನೇ ಕಿರೀಟ ಧರಿಸಿದನು. ಇನ್ನೂ ಹದಿನೈದು ತುಂಬದ ಐರೀನ್ ಆಗ ಕೆಳಗಿನ ಅರಮನೆಯಲ್ಲಿ ತನ್ನ ತಾಯಿ, ಅಕ್ಕತಂಗಿಯರು ಮತ್ತು ತಾತನೊಂದಿಗಿದ್ದಳು. ಗಂಡನು ತನ್ನ ತಾಯಿ ಮತ್ತು ಸೋದರರೊಂದಿಗೆ ಮೇಲಿನ ಬೂಕೊಲಿಯೋನ್ ಅರಮನೆಯಲ್ಲಿದ್ದನು. ಹಿಂದಿನ ಸಾಮ್ರಾಜ್ಞಿ ಮರಿಯಾ, ತನ್ನ ಚಿಕ್ಕ ಮಗ ಕಾನ್‌ಸ್ಟಂಟೈನನೊಂದಿಗೆ ಅರಮನೆ ಬಿಟ್ಟು ಹೋಗಿರಲಿಲ್ಲ. ಐರೀನಳನ್ನು ತೊರೆದು ಅಲೆಕ್ಸಿಯೋಸ್ ಮರಿಯಾಳನ್ನು ವರಿಸುವನೆಂಬ ಗುಸುಗುಸು ಹುಟ್ಟಿದ್ದು ಹೀಗೆ. ಅತ್ತೆಗೆ ಆಗಿನ ಪೇಟ್ರಿಯಾರ್ಕ್, ಅಂದರೆ ಚರ್ಚಿನ ಮುಖ್ಯಸ್ಥ, ಕೊಸ್ಮಾಸನನ್ನು ಕೆಳಗಿಳಿಸಿ ಯೂಸ್ಟ್ರಾಟಿಯೋಸ್ ಗರಿದಾಸನನ್ನು ಆ ಪೀಠಕ್ಕೆ ತರುವ ಆಸೆಯಿತ್ತು. ಐರೀನಳಿಗೆ ತನ್ನ ಕೈಯಿಂದಲೇ ಕಿರೀಟ ತೊಡಿಸದೆ ಪೀಠ ಬಿಡುವುದಿಲ್ಲವೆಂದು ಕೊಸ್ಮಾಸ್ ಹಟ ಹಿಡಿದನು. ಗಂಡನ ಪಟ್ಟಾಭಿಷೇಕದ ಏಳನೆಯ ದಿನ ಅವಳಿಗೆ ಕಿರೀಟ ದೊರೆಯಿತು, ಮೇ 8ರಂದು ಕೊಸ್ಮಾಸ್ ಪೀಠ ತ್ಯಜಿಸಿದನು.

ಇವೆಲ್ಲವನ್ನೂ ತನ್ನ ‘ಅಲೆಕ್ಸಿಯಾಡ್’ ಎಂಬ ಇತಿಹಾಸಗ್ರಂಥದಲ್ಲಿ ನಮಗೆ ಹೇಳುವವಳು 1083ರಲ್ಲಿ ಹುಟ್ಟಿದ ಐರೀನಳ ಮಗಳು ಅನ್ನಾ ಕೊಮ್ನೇನೆ ಎಂಬುದನ್ನು ಓದುವಾಗ ಮರೆಯಬಾರದು. ತಾಯಿಯ ಸೌಂದರ್ಯವನ್ನು ಅವಳು ಧಾರಾಳವಾಗಿ ಹೊಗಳುತ್ತಾಳೆ. ಆ ಭಾಗವನ್ನು ಬೇಗ ದಾಟಬಹುದು. ಅವಳು ಅಲ್ಲಗಳೆಯುವ ಮಾತುಗಳೇ ಹೆಚ್ಚು ಉಪಯುಕ್ತ, ಏಕೆಂದರೆ ಯಾರೂ ಆಡದ ಮಾತನ್ನು ಅಲ್ಲಗಳೆಯುವ ಅಗತ್ಯ ಯಾರಿಗೂ ಬೀಳುವುದಿಲ್ಲ.

ಕೊನೆಗೆ ಮಕ್ಕಳವರೆಗೂ ಎಳೆಯನ್ನು ಹಿಂಬಾಲಿಸಬೇಕು. ಅನ್ನಾಳನ್ನು ಕೂಸಾಗಿದ್ದಾಗಲೇ ಮರಿಯಾಳ ಮಗ ಕಾನ್‌ಸ್ಟಂಟೈನ್ ಡೂಕಾಸನಿಗೆ ನಿಶ್ಚಯಿಸಲಾಗಿತ್ತು, ಆದರೆ 1087ರಲ್ಲಿ ಅವಳ ತಮ್ಮ ಜಾನ್ ಹುಟ್ಟಿದ ಮೇಲೆ ಆ ನಿಶ್ಚಯದ ಬೆಲೆ ಇಳಿಯಿತು. 1118ರಲ್ಲಿ ಅಲೆಕ್ಸಿಯೋಸ್ ತೀರಿಕೊಂಡಾಗ, ಸಿಂಹಾಸನದ ಉತ್ತರಾಧಿಕಾರದ ವಿಷಯದಲ್ಲಿ ಐರೀನ್ ನಿಂತದ್ದು ಜಾನನ ಪರವಲ್ಲ, ಅನ್ನಾಳ ಪರ. ತಾನು ಕಟ್ಟಿಸಿದ್ದ ಕೆಖರಿತೊಮೇನೆ ಸನ್ಯಾಸಿನಿಯರ ಮಠದ ರಕ್ಷಣೆಯ ಹೊಣೆಯನ್ನೂ ಅವಳು ಹೆಣ್ಣುಮಕ್ಕಳ ಸಾಲಿಗೇ ವಹಿಸಿದಳು. ಆ ಸಾಲಿನಲ್ಲಿ ಅನ್ನಾಳ ಮಗಳೂ ಇದ್ದಾಳೆ, ಅವಳ ಹೆಸರೂ ಐರೀನ್ ಡೂಕೈನಾ.