ಹಾರರ್ ಗೇಮ್‌ನ ಆಯ್ಕೆಗೆ ತೂಕ ತರುವ ಬಗೆ

ಆಯ್ಕೆಗೆ ತಕ್ಕಂತೆ ಕವಲೊಡೆಯುವ ಕಥೆಯ ಹಾರರ್ ಗೇಮ್ ಬರೆಯಲು ಕುಳಿತವರು ಎಷ್ಟು ಮುಕ್ತಾಯಗಳಿರಬೇಕೆಂಬ ಲೆಕ್ಕವನ್ನು ಬದಿಗಿಟ್ಟು, ಪ್ರತಿ ಆಯ್ಕೆಯಲ್ಲಿ ಆಟಗಾರರು ಏನನ್ನು ಕಳೆದುಕೊಳ್ಳುತ್ತಾರೆ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ಏನೂ ತಿಳಿಯದೆ ಎಡ ಬಾಗಿಲನ್ನೋ ಬಲ ಬಾಗಿಲನ್ನೋ ಆರಿಸುವುದು ಚೀಟಿ ಎತ್ತಿದಂತೆ. ಅಲ್ಲಿ ಪಾತ್ರ ಸತ್ತರೆ ಬೇಸರವಾದೀತೇ ಹೊರತು ಪಶ್ಚಾತ್ತಾಪ ಹುಟ್ಟುವುದಿಲ್ಲ.

ಉಡುಪಿಯ ಹೊರವಲಯದ ಒಂದು ಹಳೆಯ ಗುತ್ತಿನ ಮನೆಯನ್ನು, ಅಂದರೆ ತುಳುನಾಡಿನ ಹಿರಿಯ ಮನೆತನದ ದೊಡ್ಡ ಮನೆಯನ್ನು, ಕಲ್ಪಿಸಿಕೊಳ್ಳಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕರೆಂಟ್ ಹೋಗಿದೆ, ಮನೆಯಲ್ಲಿ ಅಕ್ಕ ಮತ್ತು ತಮ್ಮ ಇಬ್ಬರೇ, ಇರುವುದು ಒಂದೇ ಟಾರ್ಚ್. ಅಟ್ಟದಲ್ಲಿ ಯಾರೋ ತೆಂಗಿನಕಾಯಿ ಉರುಳಿಸಿದಂತೆ ಸದ್ದಾಗುತ್ತದೆ. ಅಕ್ಕನ ಪಾತ್ರದಲ್ಲಿರುವವರು ಟಾರ್ಚ್ ಹಿಡಿದು ಅಟ್ಟ ಹತ್ತಬಹುದು, ಇಲ್ಲವೇ ಅದನ್ನು ಚಾವಡಿಯಲ್ಲಿ ಉಳಿಯುವ ತಮ್ಮನಿಗೆ ಕೊಟ್ಟು ಕತ್ತಲಲ್ಲೇ ಹತ್ತಬಹುದು. ತಮ್ಮನಿಗೆ ಕತ್ತಲೆಂದರೆ ಉಸಿರು ಕಟ್ಟುತ್ತದೆ ಎಂಬುದನ್ನೂ, ಅಟ್ಟದ ಒಂದು ಹಲಗೆ ಗೆದ್ದಲು ಹಿಡಿದು ಟೊಳ್ಳಾಗಿದೆ ಎಂಬುದನ್ನೂ ಅದಕ್ಕೆ ಮೊದಲೇ ಹಗಲಿನ ದೃಶ್ಯಗಳಲ್ಲಿ ತೋರಿಸಿರಬೇಕು. ಆಗ ಎರಡೂ ಕಡೆಯ ನಷ್ಟ ಕಣ್ಣಿಗೆ ಕಾಣುತ್ತದೆ, ಸದ್ದು ಯಾರದೆಂಬುದು ಮಾತ್ರ ಕಾಣುವುದಿಲ್ಲ. ಹಾರರ್‌ಗೆ ಬೇಕಾದ ಕತ್ತಲು ಅಷ್ಟೇ. ಇಂಥ ಮನೆಯ ಕಥೆ ಬರೆಯುವಾಗ ದೈವವನ್ನು ದೆವ್ವವಾಗಿಸಿ ಬೆಚ್ಚಿಬೀಳಿಸುವ ಸುಲಭದ ದಾರಿಯನ್ನು ದಯವಿಟ್ಟು ತುಳಿಯಬೇಡಿ. ತುಳುನಾಡಿನ ಜನ ಇಂದಿಗೂ ಕೈಮುಗಿದು ನಂಬುವ ಶಕ್ತಿ ಅದು.

ಪರಿಣಾಮ ಕೂಡಲೇ ಬರಬೇಕಾಗಿಲ್ಲ, ಬಾರದಿದ್ದರೆ ಇನ್ನೂ ಒಳ್ಳೆಯದು. ಕತ್ತಲಲ್ಲಿ ಉಳಿದ ತಮ್ಮ ಆಗ ಏನೂ ಹೇಳದೆ, ಬಹಳ ಹೊತ್ತಿನ ನಂತರ ಅಕ್ಕ ಹೊರಗಿನಿಂದ ಬಾಗಿಲು ಬಡಿದಾಗ ಚಿಲಕ ತೆಗೆಯಲು ಅರೆಕ್ಷಣ ತಡಮಾಡಲಿ. 2015ರ ‘ಅಂಟಿಲ್ ಡಾನ್’ ಗೇಮ್‌ನಲ್ಲಿ 8 ಯುವಜನರಲ್ಲಿ ಯಾರು ಬೇಕಾದರೂ ಸಾಯಬಹುದು, ಎಲ್ಲರೂ ಬದುಕಲೂಬಹುದು. ಒಬ್ಬರು ಸತ್ತರೆ ಆಟ ಮುಗಿಯದೆ, ಉಳಿದವರೊಂದಿಗೆ ಕಥೆ ಮುಂದುವರಿಯುತ್ತದೆ. ಆಟ ತಾನಾಗಿ ಸೇವ್ ಆಗುತ್ತಾ ಹೋಗುವುದರಿಂದ ಹಿಂದಿನ ಗಳಿಗೆಗೆ ಮರಳಿ ತಪ್ಪನ್ನು ತಿದ್ದಿಕೊಳ್ಳುವುದೂ ಸುಲಭವಲ್ಲ.

ಇನ್ನು ಕವಲುಗಳ ಸಂಖ್ಯೆ. ಪ್ರತಿ ಬಾರಿಯೂ ಎರಡಾಗುತ್ತಾ ಹೋಗುವ ಕಥೆ 10ನೇ ಆಯ್ಕೆಯ ಹೊತ್ತಿಗೆ 1,024 ದಾರಿಗಳಾಗುತ್ತದೆ, ಅಷ್ಟನ್ನು ಬರೆಯುವುದು ಯಾರಿಂದಲೂ ಆಗದು. ಆದ್ದರಿಂದ ದಾರಿಗಳನ್ನು ಮತ್ತೆ ಕೂಡಿಸಲೇಬೇಕು. ನೇತ್ರಾವತಿ ಮತ್ತು ಫಲ್ಗುಣಿ ಮಂಗಳೂರಿನ ಅಳಿವೆಯಲ್ಲಿ ಸೇರುವಾಗ ತಾವು ಹರಿದುಬಂದ ನೆಲದ ಮಣ್ಣನ್ನು ಹೊತ್ತೇ ಬರುವಂತೆ, ಕೂಡುವ ದಾರಿಗಳೂ ಹಿಂದಿನದನ್ನು ಹೊತ್ತು ತರಬೇಕು. ಕವಲು ಕಥೆ ಬರೆಯುವ ‘ಟ್ವೈನ್’ ಅಥವಾ ‘ಇಂಕ್’ ಎಂಬ ಉಚಿತ ಸಾಧನಗಳಲ್ಲಿ ‘ತಮ್ಮನ ನಂಬಿಕೆ’ ಎಂಬೊಂದು ವೇರಿಯಬಲ್ (ಆಯ್ಕೆಗಳಿಗೆ ತಕ್ಕಂತೆ ಬದಲಾಗುತ್ತಾ, ಗೇಮ್ ನೆನಪಿಟ್ಟುಕೊಳ್ಳುವ ಬೆಲೆ) ಇಟ್ಟರೆ, ದೃಶ್ಯ ಒಂದೇ ಆದರೂ ಅವನ ಮಾತು, ಮೌನ, ನಿಲ್ಲುವ ದೂರ ಬದಲಾಗುತ್ತವೆ.

ಬರೆದಾದ ಮೇಲೆ ಗೆಳೆಯರೊಬ್ಬರಿಗೆ ಒಮ್ಮೆ ಆಡಲು ಕೊಟ್ಟು, ಮರುದಿನ ಕಥೆ ಹೇಳಿಸಿ. ‘ಗೇಮ್ ನನ್ನನ್ನು ಸಾಯಿಸಿತು’ ಎಂದರೆ ಆಯ್ಕೆಗೆ ಮೊದಲಿನ ಹಗಲಿನ ದೃಶ್ಯಗಳನ್ನು ತಿದ್ದಿ. ‘ತಮ್ಮನನ್ನು ಕತ್ತಲಲ್ಲಿ ಬಿಟ್ಟುಹೋದೆ’ ಎಂದರೆ ಆ ಆಯ್ಕೆಯ ಒಂದಕ್ಷರವನ್ನೂ ಮುಟ್ಟಬೇಡಿ.