ಬಾಡಿಗೆಯವರು ವಾಸವಿರುವಾಗಲೇ ವಠಾರದ ಬಚ್ಚಲು ಹೊಸದಾಗಿಸುವುದು ಹೇಗೆ?

ನಾಲ್ಕು ಮನೆಗಳ ವಠಾರದಲ್ಲಿ ನಾಲ್ಕೂ ಬಚ್ಚಲುಗಳನ್ನು ಒಟ್ಟಿಗೆ ಒಡೆಸುವ ಮಾಲೀಕರನ್ನು ಮೈಸೂರಿನ ಚಾಮುಂಡಿಪುರಂ, ಕೃಷ್ಣಮೂರ್ತಿಪುರಂ ಕಡೆಯ ಹಳೆಯ ಬೀದಿಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಒಂದೇ ಸಲ ಮಾಡಿದರೆ ಕೂಲಿ ಉಳಿಯುತ್ತದೆ ಎಂದು ಮೇಸ್ತ್ರಿ ಹೇಳುತ್ತಾರೆ. ಉಳಿಯುವುದೂ ನಿಜ. ಆದರೆ ಆ ಮನೆಗಳಲ್ಲಿರುವ ವಯಸ್ಸಾದವರು, ಬಾಣಂತಿಯರು ಬೆಳಗಾದರೆ ಎಲ್ಲಿಗೆ ಹೋಗಬೇಕು? ಒಂದು ಬಚ್ಚಲು ಮುಗಿದು ಬಳಕೆಗೆ ಬಂದ ಮೇಲೆಯೇ ಇನ್ನೊಂದರ ಮೇಲೆ ಸುತ್ತಿಗೆ ಬೀಳಬೇಕು. ಇದನ್ನು ಪಾಲಿಸಲು ಆಗದಿದ್ದರೆ ಕೆಲಸಕ್ಕೆ ಕೈ ಹಾಕಬೇಡಿ.

ಕಾಲ ನೋಡಿ ಶುರುಮಾಡಿ. ಮೈಸೂರಿನಲ್ಲಿ ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಮಳೆ ಜೋರು. ದಸರೆಗೆ ಮನೆತುಂಬ ನೆಂಟರು. ಮಾರ್ಚ್‌ನಲ್ಲಿ ಮಕ್ಕಳಿಗೆ ಪರೀಕ್ಷೆ. ಓದುವ ಹುಡುಗಿಯ ಗೋಡೆಯಾಚೆ ಟೈಲ್ಸ್ ಕತ್ತರಿಸುವ ಯಂತ್ರ ಓಡಿಸುವುದು ಅನ್ಯಾಯ. ಸಂಕ್ರಾಂತಿ ಕಳೆದ ಮೇಲೆ ಫೆಬ್ರವರಿ ಮುಗಿಯುವವರೆಗಿನ ದಿನಗಳೇ ಸರಿ.

ಕೆಲಸಕ್ಕೆ ಮುಂಚೆ ಎಲ್ಲ ಮನೆಯವರನ್ನೂ ಕೂರಿಸಿಕೊಂಡು ಮಾತನಾಡಿ. ಯಾರ ಬಚ್ಚಲು ಯಾವಾಗ, ಆ ದಿನಗಳಲ್ಲಿ ಅವರು ಯಾರ ಬಚ್ಚಲು ಬಳಸಬೇಕು, ನೀರು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಒಂದು ಮನೆ ಖಾಲಿಯಿದ್ದರೆ ಹೊಸ ಬಾಡಿಗೆಯವರನ್ನು ತರಬೇಡಿ, ಅದರ ಬಚ್ಚಲನ್ನು ಎಲ್ಲರಿಗೂ ಬಿಡಿ. ಬಚ್ಚಲು ಇಲ್ಲದ ದಿನಗಳ ಬಾಡಿಗೆಯಲ್ಲಿ ಒಂದಿಷ್ಟನ್ನು, ಅವರು ಕೇಳುವ ಮೊದಲೇ, ನೀವಾಗಿಯೇ ಬಿಡಿ.

ನಂತರ ನೀರು. ಮೇಲಿನ ಟ್ಯಾಂಕಿನಿಂದ ಇಳಿಯುವ ಪೈಪಿಗೆ ಪ್ರತಿ ಮನೆಗೂ ಬೇರೆ ಬೇರೆ ವಾಲ್ವ್ ಹಾಕಿಸಿ. ಒಡೆಯುವ ಕೆಲಸಕ್ಕಿಂತ ಮುಂಚೆ ಇದು ಆಗಲೇಬೇಕು, ಇಲ್ಲದಿದ್ದರೆ ಒಂದು ಮನೆಯ ನಲ್ಲಿ ಬದಲಿಸಲು ವಠಾರವೆಲ್ಲ ಬಾಯಾರುತ್ತದೆ. ವಾಲ್ವ್ ಹಿತ್ತಾಳೆಯದೇ ಇರಲಿ. ತುಕ್ಕು ಹಿಡಿದ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಹೊಸದನ್ನು ಜೋಡಿಸಲು ಹೋಗಬೇಡಿ. ಒಂದು ಕಡೆ ತಿರುಗಿಸಿದರೆ ಮೂರು ಕಡೆ ಸೋರುತ್ತದೆ. ಬಿಸಿನೀರು ತಡೆಯುವ ಪ್ಲಾಸ್ಟಿಕ್ಕಿನ ಸಿಪಿವಿಸಿ ಪೈಪನ್ನೇ ಹೊಸದಾಗಿ ಎಳೆಸಿ, ಅಂಟೂ ಸಿಪಿವಿಸಿಯದೇ ಆಗಿರಲಿ. ಪಿವಿಸಿಯ ಅಂಟು ಬಳಿದು ಮುಗಿಸುವ ಪ್ಲಂಬರ್‌ಗಳಿದ್ದಾರೆ, ಡಬ್ಬಿಯ ಮೇಲಿನ ಹೆಸರು ಓದಿ.

ಗೀಸರಿನ ತಂತಿ ಹಳೆಯದಾಗಿದ್ದರೆ ಬದಲಿಸಿ, ಕರೆಂಟ್ ಸೋರಿದ ಕೂಡಲೇ ಸಂಪರ್ಕ ಕಡಿಯುವ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ.

ಇನ್ನು ನೆಲ. ಜನ ಎಡವುವುದು ಇಲ್ಲೇ. ಹಳೆಯ ಟೈಲ್ಸಿನ ಮೇಲೆಯೇ ಹೊಸದನ್ನು ಕೂರಿಸುವ ಸಲಹೆ ಬಂದರೆ ಒಪ್ಪಬೇಡಿ. ಸೋರಿಕೆ ಅಡಿಯಲ್ಲೇ ಉಳಿಯುತ್ತದೆ, ನೆಲ ಮೇಲೇರಿ ನೀರು ಕೋಣೆಯೊಳಗೆ ಹರಿಯುತ್ತದೆ. ಆರ್‌ಸಿಸಿ ತಾರಸಿ, ಅಂದರೆ ನೆಲದಡಿಯ ಕಾಂಕ್ರೀಟ್ ಹಾಸು, ಕಾಣುವವರೆಗೆ ಅಗೆಸಿ. ಪೈಪು ತಾರಸಿಯನ್ನು ದಾಟುವ ತೂತಿನ ಸುತ್ತ ಉಳಿದ ಸಿಮೆಂಟನ್ನು ತುರುಕಿ ಮುಗಿಸುವುದು ಮಾಮೂಲು. ಸೋರಿಕೆ ಅಲ್ಲಿಂದಲೇ ಶುರು. ಒಣಗಿದಾಗ ಕುಗ್ಗದ ಗ್ರೌಟನ್ನೇ (ಸಂದು ತುಂಬುವ ಗಾರೆ) ಅಲ್ಲಿ ತುಂಬಿಸಿ. ಗೋಡೆ ನೆಲ ಕೂಡುವ ಮೂಲೆಯನ್ನು ಗಾರೆಯಿಂದ ಗುಂಡಗೆ ಮಾಡಿಸಿ.

ಆಮೇಲೆ ನೀರು ತಡೆಯುವ ಲೇಪ. ಸಿಮೆಂಟಿಗೆ ಬಾಟಲಿಯ ದ್ರವ ಬೆರೆಸಿದರೆ ಸಾಕು ಎನ್ನುವವರನ್ನು ನಂಬಬೇಡಿ. ಪುಡಿ ಮತ್ತು ದ್ರವ ಎರಡನ್ನೂ ಕಲಸಿ ಬಳಿಯುವ ಪಾಲಿಮರ್ ಲೇಪ ಬೇಕು. ಒದ್ದೆ ಮಾಡಿದ, ಆದರೆ ನೀರು ನಿಲ್ಲದ ನೆಲದ ಮೇಲೆ ಮೊದಲ ಸಲ ಉದ್ದಕ್ಕೆ, ಅದು ಒಣಗಿದ ಮೇಲೆ ಎರಡನೆಯ ಸಲ ಅಡ್ಡಕ್ಕೆ ಬಳಿಯಬೇಕು. ಗೋಡೆಯ ಮೇಲೆ ಒಂದಡಿ, ಸ್ನಾನದ ನೀರು ಸಿಡಿಯುವ ಕಡೆ ಆರಡಿ ಏರಲಿ.

ಲೇಪ ಪೂರ್ತಿ ಒಣಗಿದ ಮೇಲೆ ನೀರು ಹೋಗುವ ತೂತನ್ನು ಬಿಗಿಯಾಗಿ ಮುಚ್ಚಿ ಎರಡು ಅಂಗುಲ ನೀರು ನಿಲ್ಲಿಸಿ, ಗೋಡೆಯ ಮೇಲೆ ಮಟ್ಟಕ್ಕೆ ಗುರುತು ಹಾಕಿ, ನಲವತ್ತೆಂಟು ಗಂಟೆ ಬಿಡಿ. ಟೈಲ್ಸಿನ ಸಂದಿಗೆ ಗ್ರೌಟ್ ತುಂಬಿದರೆ ನೀರು ಇಳಿಯುವುದಿಲ್ಲ, ಟೈಲ್ಸ್ ಹಾಕಿಬಿಡೋಣ ಎಂದು ಒತ್ತಾಯ ಬಂದೇ ಬರುತ್ತದೆ. ಮಣಿಯಬೇಡಿ. ಟೈಲ್ಸ್ ಸಂದಿನ ಸಿಮೆಂಟ್ ಗ್ರೌಟ್ ನೀರು ಕುಡಿಯುತ್ತದೆ, ತಡೆಯುವುದು ಅಡಿಯ ಲೇಪವೇ. ಕೆಳಮನೆಯವರನ್ನು ಕೇಳಿಕೊಂಡು ಒಳಗೆ ಹೋಗಿ, ಅವರ ಚಾವಣಿಗೆ ಟಾರ್ಚ್ ಹಿಡಿದು ನೀವೇ ನೋಡಿ.

ಟೈಲ್ಸ್ ಚಿಕ್ಕದು, ಒರಟು ಮೈಯದು ಇರಲಿ. ಎರಡಡಿ ಚೌಕದ ನುಣುಪು ಟೈಲ್ಸಿಗೆ ವಾಟ (ನೀರು ಹರಿಯುವ ಇಳಿಜಾರು) ಸರಿಯಾಗಿ ಕೂರುವುದಿಲ್ಲ, ಮುದುಕರು ಜಾರುತ್ತಾರೆ. ವಾಟ ನಾಲ್ಕಡಿಗೆ ಒಂದೂವರೆ ಸೆಂಟಿಮೀಟರ್ ಸಾಕು. ಕೂರಿಸಿದ ಮೇಲೆ ಒಂದು ದಿನ ಯಾರೂ ತುಳಿಯದಿರಲಿ.

ಹಳೆಯ ಸುಣ್ಣದ ಗಾರೆಯ ಗೋಡೆಗಳಿದ್ದರೆ ಯಂತ್ರದಿಂದ ಒಡೆಸಬೇಡಿ, ಉಳಿ ಸುತ್ತಿಗೆ ಸಾಕು. ಪಕ್ಕದ ಮನೆಯ ಪಾತ್ರೆ ಕಪಾಟು ಆ ಗೋಡೆಯ ಮೇಲೇ ನಿಂತಿರುತ್ತದೆ. ಬಚ್ಚಲಿನಾಚೆಯ ಒಣಗೋಡೆಗೆ ಗಾರೆ ತೇಪೆ ಬೇಕಾದರೆ ಅಲ್ಲಿ ಸುಣ್ಣದ ಗಾರೆಯನ್ನೇ ಬಳಸಿ. ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಬರಲಾಗದೆ ಮೇಲೇರುತ್ತದೆ.

ಅವಶೇಷವನ್ನು ಪ್ರತಿ ಸಂಜೆ ಹೊರಸಾಗಿಸಿ, ಮೋರಿಗೆ ತಳ್ಳಬೇಡಿ. ಹೊಸ ಬಚ್ಚಲನ್ನು ಆ ಮನೆಯವರು ಒಂದು ವಾರ ಬಳಸಲಿ, ಕೆಳಗಿನ ಚಾವಣಿ ಒಣಗಿಯೇ ಇದ್ದರೆ ಮುಂದಿನದಕ್ಕೆ ಹೋಗಿ. ಬಣ್ಣವನ್ನು ನಾಲ್ಕೂ ಮುಗಿದ ಮೇಲೆ ಒಟ್ಟಿಗೆ ಬಳಿಸಿ, ಅಲ್ಲಿಯವರೆಗೆ ಗೋಡೆ ಒಣಗಲಿ.