ಥ್ರಾಟಲ್ ಕೊಟ್ಟರೆ ಮುಗ್ಗರಿಸುತ್ತಿದ್ದ ದೋಣಿ ಮೋಟರ್

ಶಿರಿಯ ಹೊಳೆಯಲ್ಲಿರುವ ನಮ್ಮ ದೋಣಿಗೆ ಹಳೇ ಟೂ ಸ್ಟ್ರೋಕ್ ಮೋಟರ್, 9.9 ಎಚ್‌ಪಿ. ನಿಧಾನಕ್ಕೆ ಹೋದರೆ ಏನೂ ತೊಂದರೆ ಇಲ್ಲ. ಅಳಿವೆ ದಾಟಲು ಥ್ರಾಟಲ್ ತಿರುಗಿಸಿದರೆ ಸಾಕು, ಮುಗ್ಗರಿಸಿ ಉಸಿರು ಕಟ್ಟಿದಂತೆ ಆಗುತ್ತಿತ್ತು. ಎದುರಿಂದ ಅಲೆ ಬರುವಾಗ ಹೀಗಾದರೆ ಜೀವ ಬಾಯಿಗೆ ಬರುತ್ತದೆ.

"ಪ್ಲಗ್ಗು ಬದಲಿಸು ಮಾರಾಯ" ಎಂದರು ಪಕ್ಕದ ದೋಣಿಯವರು. ಬದಲಿಸಿದೆ. ಎಣ್ಣೆ-ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿ, ಎಣ್ಣೆ ಹಾಯುವ ಸಣ್ಣ ತೂತಿನ ಜೆಟ್ ಊದಿದೆ. ನಮ್ಮಲ್ಲಿ ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸುವುದು ರೂಢಿ, ಜೆಟ್ಟಲ್ಲಿ ಜಿಡ್ಡೇನೋ ಇತ್ತು. ಆದರೂ ಕಾಯಿಲೆ ಹೋಗಲಿಲ್ಲ. ಎರಡು ದಿನ ಸುಮ್ನೆ ಹಾಳು.

ಕೊನೆಗೆ, ಮೋಟರ್ ಮುಗ್ಗರಿಸುವ ಹೊತ್ತಿಗೆ ಎಣ್ಣೆ ಪೈಪಿನ ರಬ್ಬರ್ ಬಲ್ಬ್ (ಕೈಯಿಂದ ಹಿಂಡಿ ಎಣ್ಣೆ ತಳ್ಳುವ ಉಂಡೆ) ಹಿಂಡಲು ತಮ್ಮನಿಗೆ ಹೇಳಿದೆ. ಹಿಂಡಿದಷ್ಟು ಹೊತ್ತು ಒಳ್ಳೇ ಓಟ, ಬಿಟ್ಟರೆ ಮತ್ತೆ ಅದೇ. ಅಂದರೆ ಎಣ್ಣೆ ಸಾಲುತ್ತಿಲ್ಲ, ಅಲ್ವಾ? ಟ್ಯಾಂಕ್ ಮುಚ್ಚಳದ ಗಾಳಿ ತಿರುಪು ತೆರೆದೇ ಇತ್ತು, ಪೈಪಲ್ಲಿ ಸೋರಿಕೆ ಇಲ್ಲ. ಉಳಿದದ್ದು ಫ್ಯುಯೆಲ್ ಪಂಪ್. ಬಿಚ್ಚಿ ನೋಡಿದರೆ ಒಳಗೆ ಎಣ್ಣೆ ಎತ್ತುವ ತೆಳು ಪೊರೆ, ಡಯಾಫ್ರಾಮ್, ಹಪ್ಪಳದ ಹಾಗೆ ಗಟ್ಟಿ, ಅಂಚಲ್ಲಿ ಕೂದಲೆಳೆಯಷ್ಟು ಬಿರುಕು. ಸಣ್ಣ ಓಟಕ್ಕೆ ಅದು ಎತ್ತುವ ಎಣ್ಣೆ ಸಾಕಿತ್ತು, ಜೋರಿಗೆ ಸಾಲಲಿಲ್ಲ.

ಕಾಸರಗೋಡಿನಿಂದ ಹೊಸ ಡಯಾಫ್ರಾಮ್, ಜೊತೆಗೆ ಗ್ಯಾಸ್ಕೆಟ್ (ಸಂದಿ ಮುಚ್ಚುವ ತೆಳು ಹಾಳೆ) ತಂದು ಹಾಕಿದೆ. ಹಳೇ ಗ್ಯಾಸ್ಕೆಟ್ಟನ್ನೇ ಮತ್ತೆ ಕೂರಿಸುವ ಜಿಪುಣತನ ಬೇಡ, ಗಾಳಿ ಎಳೆಯುತ್ತದೆ. ಮರುದಿನ ಬೆಳಿಗ್ಗೆ ಒಂದೇ ಓಟಕ್ಕೆ ಅಳಿವೆ ದಾಟಿದೆವು.